ಎರಡು ಕೈ, ಒಂದು ಮಡು: ಹವ್ಯಾಸಿಯ ಟಿಗ್ ವೆಲ್ಡಿಂಗ್

ಲೋಹವನ್ನು ಬೆಸೆಯಲು ಹೆಚ್ಚು ಬಳಕೆಯಲ್ಲಿರುವ ಎರಡು ವಿಧಾನಗಳಲ್ಲಿ, ಅಂದರೆ ರಾಡ್ ಸುಟ್ಟು ಮಾಡುವ ಸಾಮಾನ್ಯ ಆರ್ಕ್ ವೆಲ್ಡಿಂಗ್‌ನಲ್ಲೂ ತಂತಿ ಹರಿಸಿ ಮಾಡುವ ಮಿಗ್ ವೆಲ್ಡಿಂಗ್‌ನಲ್ಲೂ, ಕಾವು ಮತ್ತು ಲೋಹ ಒಟ್ಟಿಗೇ ಬರುತ್ತವೆ. ವಿದ್ಯುತ್ತನ್ನು ಹೊತ್ತು ತರುವ ರಾಡೇ ಕರಗಿ ಸಂದನ್ನು ತುಂಬುವುದರಿಂದ ಅಲ್ಲಿ ಕಾವು ಬೇಕೆಂದರೆ ಲೋಹವೂ ಬೀಳಲೇಬೇಕು, ಲೋಹ ಸಾಕೆನಿಸಿದಾಗ ಕಾವನ್ನೂ ನಿಲ್ಲಿಸಲೇಬೇಕು. ಟಿಗ್ (ಟಂಗ್‌ಸ್ಟನ್ ಇನರ್ಟ್ ಗ್ಯಾಸ್, ಅಂದರೆ ಟಂಗ್‌ಸ್ಟನ್ ಕಡ್ಡಿ ಮತ್ತು ಜಡ ಅನಿಲ ಬಳಸುವ) ವೆಲ್ಡಿಂಗ್‌ನಲ್ಲಿ ಈ ಎರಡೂ ಬೇರೆಬೇರೆ ಕೈಗಳಿಗೆ ಸೇರಿವೆ. ಒಂದು ಕೈಯಲ್ಲಿ ಹಿಡಿಯುವ ವೆಲ್ಡಿಂಗ್ ಟಾರ್ಚ್‌ನಲ್ಲಿ ತಾನು ಕರಗದೆ ಕಾವನ್ನಷ್ಟೇ ಕೊಡುವ ಟಂಗ್‌ಸ್ಟನ್ ಕಡ್ಡಿಯಿರುತ್ತದೆ, ಇನ್ನೊಂದು ಕೈಯಲ್ಲಿ ಸಂದನ್ನು ತುಂಬುವ, ವಿದ್ಯುತ್ತಿನ ಸಂಪರ್ಕವೇ ಇಲ್ಲದ ಫಿಲ್ಲರ್ ರಾಡ್ ಇರುತ್ತದೆ, ಪೆಡಲ್ ಇರುವ ಯಂತ್ರವಾದರೆ ಕರೆಂಟಿನ ಪ್ರಮಾಣ ಕಾಲಿನ ಅಡಿಯಲ್ಲಿರುತ್ತದೆ. ಎಷ್ಟು ಕರಗಿಸಬೇಕು, ಎಷ್ಟು ಸೇರಿಸಬೇಕು, ಯಾವಾಗ ಮುಂದೆ ಸರಿಯಬೇಕು ಎಂಬ ಮೂರು ನಿರ್ಧಾರಗಳನ್ನು ಯಂತ್ರ ನಮಗಾಗಿ ಕೈಗೊಳ್ಳುವುದಿಲ್ಲ. ಹವ್ಯಾಸವಾಗಿ ಈ ಕೆಲಸವನ್ನು ಕಲಿಯುತ್ತಿರುವ ನನಗೆ ಇದರ ಕಷ್ಟವೂ ಸುಖವೂ ಈ ಬೇರ್ಪಡಿಕೆಯಲ್ಲೇ ಇದೆ ಎಂದು ದಿನೇ ದಿನೇ ಹೆಚ್ಚು ಸ್ಪಷ್ಟವಾಗುತ್ತಿದೆ.

ವಿಧಾನದ ಹಿಂದಿನ ತತ್ತ್ವ ಸರಳವಾದದ್ದು. ಟಂಗ್‌ಸ್ಟನ್ ಕರಗುವುದು 3,422 ಡಿಗ್ರಿ ಸೆಲ್ಸಿಯಸ್‌ನಲ್ಲಿ; ಲೋಹಗಳಲ್ಲೆಲ್ಲ ಇದೇ ಅತಿ ಹೆಚ್ಚಿನ ಕರಗುವ ಬಿಂದು. ಅದರ ತುದಿಯಿಂದ ಕೆಲಸದ ತುಂಡಿಗೆ ಹಾರುವ ಆರ್ಕ್, ಅಂದರೆ ವಿದ್ಯುತ್ತಿನ ಪ್ರಖರ ಜ್ವಾಲೆ, ಉಕ್ಕನ್ನು ಸುಲಭವಾಗಿ ಕರಗಿಸುತ್ತದೆ. ಆದರೆ ಅಷ್ಟು ಬಿಸಿಯಲ್ಲಿ ಗಾಳಿಯ ಆಮ್ಲಜನಕ ತಾಗಿದರೆ ಟಂಗ್‌ಸ್ಟನ್ ಕೂಡ ಸುಟ್ಟುಹೋಗುತ್ತದೆ, ಕರಗಿದ ಲೋಹವೂ ಕೆಡುತ್ತದೆ. ಹಾಗಾಗಿ ಟಾರ್ಚಿನ ಪಿಂಗಾಣಿ ಕಪ್‌ನಿಂದ ಆರ್ಗಾನ್ ಅನಿಲ ಸದಾ ಹರಿಯುತ್ತ ಕಡ್ಡಿಯನ್ನೂ ಕರಗಿದ ಲೋಹವನ್ನೂ ಮುಚ್ಚಿಕೊಂಡಿರಬೇಕು. ನಮ್ಮ ಸುತ್ತಲಿನ ಗಾಳಿಯಲ್ಲೇ ಶೇಕಡಾ 0.93ರಷ್ಟಿರುವ, ಯಾವುದರೊಡನೆಯೂ ಸುಲಭವಾಗಿ ಕೂಡದ ಈ ಅನಿಲವನ್ನು 1894ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳಾದ ರ‍್ಯಾಲೆ ಮತ್ತು ರ‍್ಯಾಮ್ಸೆ ಗುರುತಿಸಿದ್ದರು. ಆದರೂ ಟಿಗ್ ವಿಧಾನ ಬಳಕೆಗೆ ಬಂದಾಗ ಬಳಸಿದ್ದು ಹೀಲಿಯಂ ಅನ್ನು. ಅಮೆರಿಕದ ನಾರ್ತ್ರಪ್ ವಿಮಾನ ಕಂಪನಿಯಲ್ಲಿ ಮೆಗ್ನೀಸಿಯಂ ಭಾಗಗಳನ್ನು ಬೆಸೆಯುವ ದಾರಿ ಹುಡುಕುತ್ತಿದ್ದ ರಸೆಲ್ ಮೆರೆಡಿತ್ 1940ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು. ಅವರ ಟಾರ್ಚಿಗೆ 1942ರಲ್ಲಿ ಪೇಟೆಂಟ್ ದೊರೆಯಿತು. ಬಿಸಿಯಾದೊಡನೆ ಹೊತ್ತಿಕೊಳ್ಳುವ ಮೆಗ್ನೀಸಿಯಂನಂಥ ಲೋಹಕ್ಕೆ ಗಾಳಿಯನ್ನು ಪೂರ್ತಿ ದೂರವಿಡುವ ವಿಧಾನವೇ ಬೇಕಾಗಿತ್ತು. ಮೊದಮೊದಲು ಕಡ್ಡಿಯನ್ನು ಪಾಸಿಟಿವ್ ತುದಿಗೆ ಜೋಡಿಸುತ್ತಿದ್ದುದರಿಂದ ಅದೇ ವಿಪರೀತ ಕಾದು ಟಂಗ್‌ಸ್ಟನ್‌ನ ಕಣಗಳು ಬೆಸುಗೆಗೆ ಸೇರುತ್ತಿದ್ದವು. ಈಗ ಉಕ್ಕಿಗೆ ಕಡ್ಡಿಯನ್ನು ನೆಗೆಟಿವ್‌ಗೆ ಜೋಡಿಸುತ್ತೇವೆ. ಹಾಗೆ ಮಾಡಿದಾಗ ಕಾವಿನ ಸುಮಾರು 70 ಭಾಗ ಕೆಲಸದ ತುಂಡಿಗೆ ಹೋಗಿ 30 ಭಾಗ ಮಾತ್ರ ಕಡ್ಡಿಯ ಕಡೆ ಉಳಿಯುತ್ತದೆ.

ಇಷ್ಟನ್ನು ಯಾರೂ ಓದಿ ತಿಳಿಯಬಹುದು. ಕಲಿಕೆ ಆರಂಭವಾಗುವುದು ಕಪ್ಪು ಗಾಜಿನ ಹಿಂದೆ ಕರಗಿದ ಲೋಹ ಮೊದಲ ಬಾರಿಗೆ ಕಣ್ಣಿಗೆ ಬಿದ್ದಾಗ. ಅದನ್ನು ನಾನು ಮಡು ಎಂದೇ ಕರೆಯುತ್ತೇನೆ. ಹೊಸಬರ ಕಣ್ಣು ಸಹಜವಾಗಿ ಆರ್ಕ್‌ನ ಬೆಳಕಿನ ಕಡೆ ಹೋಗುತ್ತದೆ, ಆದರೆ ಬೆಳಕಿನಲ್ಲಿ ತಿಳಿಯುವಂಥದ್ದು ಏನೂ ಇಲ್ಲ. ನೋಡಬೇಕಾದದ್ದು ಅದರ ಕೆಳಗಿನ ಮಡುವನ್ನು, ಅದರಲ್ಲೂ ಮುಖ್ಯವಾಗಿ ಅದರ ಮುಂದಿನ ಅಂಚನ್ನು. ಕಾದು ಕೆಂಪಾದ ಗಟ್ಟಿ ಲೋಹ ಮಂಕಾಗಿ ಕಾಣುತ್ತದೆ. ಕರಗಿದ್ದು ಹೊಳೆಯುತ್ತದೆ, ಸಣ್ಣಗೆ ನಡುಗುತ್ತದೆ, ಅದರ ಮೇಲೆ ತೇಲುವ ಕಶ್ಮಲದ ಚುಕ್ಕೆಗಳು ಸುತ್ತುವುದು ಕಾಣುತ್ತದೆ. ಎರಡು ತುಂಡುಗಳ ನಡುವೆ ಮಡು ಹುಟ್ಟುವಾಗ ಮೊದಲು ಎರಡೂ ಬದಿಯಲ್ಲಿ ಬೇರೆಬೇರೆ ಹನಿಗಳು ಕಾಣಿಸಿಕೊಳ್ಳುತ್ತವೆ, ಒಂದು ಕ್ಷಣದಲ್ಲಿ ಅವು ತಟ್ಟನೆ ಕೂಡಿ ಒಂದಾಗುತ್ತವೆ. ಆ ಕೂಡುವಿಕೆ ಆಗುವ ಮುನ್ನ ಫಿಲ್ಲರ್ ಹಾಕಿದರೆ ಲೋಹ ಮೇಲೆ ಕೂರುತ್ತದೆಯೇ ಹೊರತು ಕೆಳಗಿನದರೊಡನೆ ಒಂದಾಗುವುದಿಲ್ಲ. ತೆಳ್ಳನೆಯ ತಗಡಿನಲ್ಲಿ ಮಡುವಿನ ನಡುಭಾಗ ಸ್ವಲ್ಪ ಕುಸಿದಂತೆ ಕಂಡರೆ ಬೆಸುಗೆ ಹಿಂಬದಿಯವರೆಗೆ ಇಳಿದಿದೆ ಎಂದು ಅರ್ಥ; ಇನ್ನೂ ತಡೆದರೆ ಅಲ್ಲಿ ತೂತು ಬೀಳುತ್ತದೆ. ಈ ಎಲ್ಲ ಸೂಚನೆಗಳೂ ಕ್ಷಣಾರ್ಧದಲ್ಲಿ ಬಂದುಹೋಗುತ್ತವೆ, ಅವುಗಳನ್ನು ಓದುವ ಕಣ್ಣು ಮಾತ್ರ ನಿಧಾನವಾಗಿ ಬೆಳೆಯುತ್ತದೆ.

ಆದ್ದರಿಂದ ಕಲಿಯುವವರು ಫಿಲ್ಲರ್ ರಾಡನ್ನು ಕೆಲಕಾಲ ಮರೆತು, ಚಪ್ಪಟೆ ತಗಡಿನ ಮೇಲೆ ಮಡುವನ್ನು ಮಾತ್ರ ಎಬ್ಬಿಸಿ ನೇರವಾಗಿ ನಡೆಸಿಕೊಂಡು ಹೋಗುವುದನ್ನು ಅಭ್ಯಾಸ ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅಗಲ ಬದಲಾಗದಂತೆ ಮಡುವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಒಯ್ಯಲು ಬಂದಮೇಲೆ, ಎರಡು ತಗಡುಗಳ ಅಂಚುಗಳನ್ನು ಹೊರಮೂಲೆಯಾಗಿ ನಿಲ್ಲಿಸಿ ಫಿಲ್ಲರ್ ಇಲ್ಲದೆಯೇ ಬೆಸೆಯಬಹುದು. ಆ ಜೋಡಣೆಯಲ್ಲಿ ಅಂಚುಗಳೇ ಕರಗಿ ಸಂದನ್ನು ತುಂಬುತ್ತವೆ. ಕಾವೊಂದನ್ನೇ ಆಳುವುದು ಹೇಗೆಂಬುದನ್ನು ಅದಕ್ಕಿಂತ ಚೆನ್ನಾಗಿ ಕಲಿಸುವ ಇನ್ನೊಂದು ಅಭ್ಯಾಸ ನನಗೆ ಗೊತ್ತಿಲ್ಲ. ಟಂಗ್‌ಸ್ಟನ್‌ನ ತುದಿ ಲೋಹದಿಂದ ಹೆಚ್ಚೆಂದರೆ ಕಡ್ಡಿಯ ವ್ಯಾಸದಷ್ಟೇ ದೂರ ಇರಬೇಕು, ಟಾರ್ಚ್ ನೇರ ನಿಲುವಿನಿಂದ 15ರಿಂದ 20 ಡಿಗ್ರಿಯಷ್ಟು ಹಿಂದಕ್ಕೆ ವಾಲಿರಬೇಕು. ದೂರ ಹೆಚ್ಚಾದರೆ ಆರ್ಕ್ ಹರಡಿಕೊಂಡು ಮಡು ಅಗಲವಾಗುತ್ತದೆ, ಆಳ ಕಡಿಮೆಯಾಗುತ್ತದೆ. ವಾಲಿಕೆ ಹೆಚ್ಚಾದರೆ ಆರ್ಗಾನ್ ಮುಂದಕ್ಕೆ ಜಾರಿ ಹಿಂದಿನಿಂದ ಗಾಳಿ ನುಗ್ಗುತ್ತದೆ.

ಫಿಲ್ಲರ್ ಸೇರಿಸಲು ತೊಡಗಿದಾಗ ಎರಡನೆಯ ಕೈ ಎಚ್ಚರಗೊಳ್ಳಬೇಕು. ರಾಡನ್ನು ಆರ್ಕ್‌ನ ಒಳಕ್ಕೆ ಚಾಚಿ ಕರಗಿಸುವುದಲ್ಲ, ಮಡುವಿನ ಮುಂದಿನ ಅಂಚಿಗೆ ತಾಗಿಸಿ ಮಡುವಿನ ಕಾವಿನಿಂದಲೇ ಕರಗುವಂತೆ ಮಾಡಬೇಕು. ತಾಗಿಸಿ ಹಿಂದೆಗೆದ ಮೇಲೂ ಅದರ ಬಿಸಿ ತುದಿ ಆರ್ಗಾನಿನ ಹೊದಿಕೆಯ ಒಳಗೇ ಉಳಿಯಬೇಕು. ಹೊರಗೆ ಬಂದರೆ ತುದಿ ಆಮ್ಲಜನಕ ಹಿಡಿದು, ಮುಂದಿನ ಹನಿಯಲ್ಲಿ ಆ ಕೊಳೆಯನ್ನೇ ಮಡುವಿಗೆ ತರುತ್ತದೆ. ಇತ್ತ ರಾಡ್ ಗಿಡ್ಡವಾಗುತ್ತ ಹೋಗುವುದರಿಂದ ಹೆಬ್ಬೆರಳು ಮತ್ತು ಪಕ್ಕದ ಬೆರಳುಗಳಿಂದ ಅದನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ತಳ್ಳುತ್ತಿರಬೇಕು. ಇದಕ್ಕೆ ಯಂತ್ರವೂ ಬೇಡ, ಅನಿಲವೂ ಬೇಡ. ಕುಳಿತಲ್ಲೇ ಕೈಗವಸು ತೊಟ್ಟು ರಾಡನ್ನು ತಳ್ಳುವುದನ್ನು ಎಷ್ಟು ಹೊತ್ತು ಬೇಕಾದರೂ ಅಭ್ಯಾಸ ಮಾಡಬಹುದು. ಟಾರ್ಚ್ ಹಿಡಿದ ಕೈಗೂ ಆಸರೆ ಬೇಕು. ಬರೆಯುವಾಗ ಅಂಗೈಯ ಬದಿ ಕಾಗದದ ಮೇಲೆ ಊರಿಕೊಂಡಿರುವಂತೆ ಕಿರುಬೆರಳ ಬದಿ ಯಾವುದಾದರೂ ಗಟ್ಟಿ ವಸ್ತುವಿನ ಮೇಲೆ ಜಾರುತ್ತ ಸಾಗಬೇಕು. ಗಾಳಿಯಲ್ಲಿ ತೇಲುವ ಕೈ ಎಷ್ಟೇ ಬಲಿಷ್ಠವಾದರೂ ಒಂದೂವರೆ ಮಿಲಿಮೀಟರಿನ ಅಂತರವನ್ನು ಕಾಪಾಡಲಾರದು. ಆರ್ಕ್ ಹೊತ್ತಿಸುವ ಮುಂಚೆ ಇಡೀ ಸಂದಿನ ಉದ್ದಕ್ಕೂ ಒಮ್ಮೆ ಟಾರ್ಚನ್ನು ಸುಮ್ಮನೆ ಆಡಿಸಿ ನೋಡಿದರೆ ಮೊಣಕೈ ಎಲ್ಲಿ ತಡೆಯುತ್ತದೆ, ಕೇಬಲ್ ಎಲ್ಲಿ ಎಳೆಯುತ್ತದೆ ಎಂಬುದು ತಿಳಿದುಬಿಡುತ್ತದೆ.

ಮಡುವನ್ನು ನೋಡುತ್ತ ನೋಡುತ್ತ ಅದರ ಒಳಗೆ ನಡೆಯುವುದರ ಬಗೆಗೂ ಕುತೂಹಲ ಹುಟ್ಟುತ್ತದೆ. ಒಂದೇ ದರ್ಜೆಯ, ಒಂದೇ ದಪ್ಪದ ಎರಡು ಸ್ಟೇನ್‌ಲೆಸ್ ಸ್ಟೀಲ್ ತುಂಡುಗಳ ಮೇಲೆ ಒಂದೇ ಕರೆಂಟಿನಲ್ಲಿ ಕೆಲಸ ಮಾಡಿದಾಗ ಒಂದರಲ್ಲಿ ಮಡು ಅಗಲವಾಗಿ ಮೇಲ್ಮೈಯಲ್ಲೇ ಹರಡುವುದೂ ಇನ್ನೊಂದರಲ್ಲಿ ಕಿರಿದಾಗಿ ಆಳಕ್ಕೆ ಇಳಿಯುವುದೂ ಉಂಟು. ಇದರ ಕಾರಣ ಅತ್ಯಲ್ಪ ಪ್ರಮಾಣದ ಗಂಧಕ. ಸಾಮಾನ್ಯವಾಗಿ ದ್ರವ ಬಿಸಿಯಾದಷ್ಟೂ ಅದರ ಮೇಲ್ಮೈ ಸೆಳೆತ ಕಡಿಮೆಯಾಗುತ್ತದೆ. ಮಡುವಿನ ನಡುಭಾಗ ಹೆಚ್ಚು ಬಿಸಿ, ಅಂಚು ಕಡಿಮೆ ಬಿಸಿ; ಆದ್ದರಿಂದ ಸೆಳೆತ ಹೆಚ್ಚಿರುವ ಅಂಚು ನಡುವಿನ ಲೋಹವನ್ನು ತನ್ನೆಡೆಗೆ ಎಳೆಯುತ್ತದೆ, ಬಿಸಿ ಲೋಹ ಹೊರಕ್ಕೆ ಹರಿದು ಮಡು ಅಗಲಗೊಳ್ಳುತ್ತದೆ. ಶೇಕಡಾ 0.01ರ ಆಸುಪಾಸಿನ ಗಂಧಕ ಇದ್ದರೆ ಸಾಕು, ಈ ಸಂಬಂಧ ತಿರುವುಮುರುವಾಗುತ್ತದೆ: ಹರಿವು ಅಂಚಿನಿಂದ ನಡುವಿಗೆ ಬಂದು ಅಲ್ಲಿಂದ ಕೆಳಕ್ಕೆ ಇಳಿಯುತ್ತದೆ, ಕಾವೂ ಅದರೊಡನೆ ಆಳಕ್ಕೆ ಹೋಗುತ್ತದೆ. ಸೆಳೆತದ ವ್ಯತ್ಯಾಸದಿಂದ ಆಗುವ ಇಂಥ ಹರಿವಿಗೆ 19ನೆಯ ಶತಮಾನದ ಇಟಲಿಯ ಭೌತವಿಜ್ಞಾನಿ ಕಾರ್ಲೊ ಮರಂಗೋನಿಯ ಹೆಸರಿದೆ. ಗಂಧಕ ಹೆಚ್ಚಿರುವ ತುಂಡನ್ನು ಕಡಿಮೆ ಇರುವ ತುಂಡಿಗೆ ಬೆಸೆಯುವಾಗ ಮಡು ಕಡಿಮೆ ಗಂಧಕದ ಕಡೆಗೇ ವಾಲುತ್ತದೆ, ಕೈ ಎಷ್ಟೇ ನೇರವಾಗಿದ್ದರೂ. ಇದನ್ನು ತಿಳಿದಾಗ ನನಗೆ ಆದ ಸಂತೋಷ ಸಣ್ಣದಲ್ಲ. ಅಗಲ ಕಂಡೊಡನೆ ಆಳವೂ ಇದೆ ಎಂದು ನಂಬಬಾರದು ಎಂಬ ಎಚ್ಚರವೂ ಅದರ ಜೊತೆಗೇ ಬಂತು.

ತಯಾರಿಯ ವಿಷಯದಲ್ಲಿ ಟಿಗ್ ಸ್ವಲ್ಪವೂ ಸಡಿಲ ಬಿಡುವುದಿಲ್ಲ. ರಾಡ್ ಸುಡುವ ವೆಲ್ಡಿಂಗ್‌ನಲ್ಲಿ ಮೇಲಿನ ಫ್ಲಕ್ಸ್ ಲೇಪ ತುಕ್ಕನ್ನೂ ಕೊಳೆಯನ್ನೂ ಒಂದಿಷ್ಟು ಹೀರಿಕೊಂಡು ಸ್ಲ್ಯಾಗ್ ಎಂಬ ಕಿಟ್ಟವಾಗಿ ಮೇಲೆ ಬರುತ್ತದೆ. ಇಲ್ಲಿ ಅಂಥ ಸಹಾಯವಿಲ್ಲ. ಉಕ್ಕಿನ ಮೇಲಿನ ಕಪ್ಪು ಪದರ, ಎಣ್ಣೆ, ಬಣ್ಣ, ಬೆವರಿನ ಕೈಗುರುತು ಎಲ್ಲವೂ ಮಡುವಿನೊಳಗೇ ಸೇರಿ ಗುಳ್ಳೆಗಳಾಗುತ್ತವೆ. ಸಂದಿನ ಎರಡೂ ಬದಿ, ಮೇಲೂ ಕೆಳಗೂ, ಬೆಳ್ಳಗೆ ಹೊಳೆಯುವವರೆಗೆ ಗ್ರೈಂಡರ್ ಹಿಡಿದು ಆಮೇಲೆ ಅಸಿಟೋನ್‌ನಿಂದ ಒರೆಸಬೇಕು. ಫಿಲ್ಲರ್ ರಾಡನ್ನೂ ಒರೆಸಬೇಕು. ಒರೆಸಲು ಕ್ಲೋರಿನ್ ಇರುವ ದ್ರಾವಕಗಳನ್ನು, ಮುಖ್ಯವಾಗಿ ಕೆಲವು ಬಗೆಯ ಬ್ರೇಕ್ ಕ್ಲೀನರ್‌ಗಳನ್ನು, ಎಂದಿಗೂ ಬಳಸಬಾರದು. ಅವುಗಳ ಆವಿ ಆರ್ಕ್‌ನ ಕಾವಿಗೂ ನೇರಳಾತೀತ ಕಿರಣಗಳಿಗೂ ಸಿಕ್ಕಿದಾಗ ಫಾಸ್ಜೀನ್ ಎಂಬ ಮಾರಕ ವಿಷಾನಿಲ ಹುಟ್ಟಬಹುದು. ಸತುವಿನ ಲೇಪವಿರುವ ತಗಡನ್ನು ಹಾಗೆಯೇ ಬೆಸೆದರೆ ಏಳುವ ಬಿಳಿ ಹೊಗೆ ಜ್ವರ ಮತ್ತು ನಡುಕ ತರುತ್ತದೆ. ತಯಾರಿಗೆ ಬೆಸುಗೆಗಿಂತ ಹಲವು ಪಟ್ಟು ಸಮಯ ಹಿಡಿಯುತ್ತದೆ ಎಂದು ಬೇಸರಪಡುವವರನ್ನು ಕಂಡಿದ್ದೇನೆ, ಆದರೆ ಗಂಟೆಯ ಲೆಕ್ಕ ಕೇಳುವವರು ಯಾರೂ ಇಲ್ಲದಿರುವುದೇ ಹವ್ಯಾಸಿಗೆ ಇರುವ ದೊಡ್ಡ ಅನುಕೂಲ. ನಾನಂತೂ ಈ ನಿಧಾನವನ್ನು ಪ್ರೀತಿಯಿಂದಲೇ ಬಳಸಿಕೊಳ್ಳುತ್ತೇನೆ.

ಟಂಗ್‌ಸ್ಟನ್ ಮಡುವಿಗೆ ತಾಗಿದರೆ ಅದರ ತುದಿಗೆ ಉಕ್ಕು ಅಂಟಿಕೊಂಡು ಆರ್ಕ್ ಚೆದರುತ್ತದೆ, ಆಗ ಕೆಲಸ ನಿಲ್ಲಿಸಿ ಮತ್ತೆ ಮಸೆಯಲೇಬೇಕು. ಮಸೆಯುವಾಗ ಗೆರೆಗಳು ಕಡ್ಡಿಯ ಉದ್ದಕ್ಕೆ ಬೀಳಬೇಕು. ಸುತ್ತ ಬಿದ್ದರೆ ಆರ್ಕ್ ನೇರವಾಗಿ ನಿಲ್ಲದೆ ಅಲೆದಾಡುತ್ತದೆ. ಶಂಕುವಿನ ಉದ್ದ ಕಡ್ಡಿಯ ವ್ಯಾಸದ ಎರಡರಿಂದ ಎರಡೂವರೆ ಪಟ್ಟು ಇದ್ದರೆ ಹೆಚ್ಚಿನ ಕೆಲಸಗಳಿಗೆ ಸಾಕು. ಕಡ್ಡಿಯ ಹಿಂದಿನ ತುದಿಯ ಬಣ್ಣ ಅದರ ಜಾತಿಯನ್ನು ಹೇಳುತ್ತದೆ: ಕೆಂಪಿನದರಲ್ಲಿ ಶೇಕಡಾ 2ರಷ್ಟು ಥೋರಿಯಂ ಆಕ್ಸೈಡ್ ಇರುತ್ತದೆ, ಹೊಂಬಣ್ಣದ್ದರಲ್ಲಿ ಒಂದೂವರೆ ಮತ್ತು ನೀಲಿಯದರಲ್ಲಿ ಎರಡು ಭಾಗ ಲ್ಯಾಂಥನಂ ಆಕ್ಸೈಡ್ ಇರುತ್ತದೆ. ಥೋರಿಯಂ ವಿಕಿರಣಶೀಲ ಧಾತು, ಅದರ ಕಡ್ಡಿಯನ್ನು ಮಸೆದಾಗ ಏಳುವ ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಉಕ್ಕು, ಸ್ಟೇನ್‌ಲೆಸ್ ಸ್ಟೀಲ್, ಅಲ್ಯೂಮಿನಿಯಂ ಮೂರಕ್ಕೂ ಲ್ಯಾಂಥನಂ ಕಡ್ಡಿ ಚೆನ್ನಾಗಿ ಒದಗುವಾಗ ಮನೆಯಲ್ಲಿ ಕಲಿಯುವವರು ಥೋರಿಯಂ ಕಡ್ಡಿಯನ್ನು ಕೊಳ್ಳಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಅನಿಲ ಮತ್ತು ಕರೆಂಟಿನ ಲೆಕ್ಕ ಚಿಕ್ಕದು. ನಿಮಿಷಕ್ಕೆ 7ರಿಂದ 10 ಲೀಟರ್ ಆರ್ಗಾನ್ ಸಾಮಾನ್ಯ ಕಪ್‌ಗಳಿಗೆ ಸಾಕಾಗುತ್ತದೆ. ಹೆಚ್ಚು ಬಿಟ್ಟಷ್ಟೂ ರಕ್ಷಣೆ ಹೆಚ್ಚುತ್ತದೆ ಎಂಬುದು ತಪ್ಪು ಎಣಿಕೆ, ಏಕೆಂದರೆ ರಭಸ ಹೆಚ್ಚಾದಾಗ ಅನಿಲ ಸುಳಿಗಟ್ಟಿ ಹೊರಗಿನ ಗಾಳಿಯನ್ನೇ ಒಳಗೆಳೆದುಕೊಳ್ಳುತ್ತದೆ. ಉಕ್ಕಿನ ದಪ್ಪದಲ್ಲಿ ಪ್ರತಿ ಮಿಲಿಮೀಟರಿಗೆ ಸುಮಾರು 40 ಆಂಪ್ ಎಂದು ಹಿಡಿದು ಆರಂಭಿಸಬಹುದು, ಉಳಿದದ್ದನ್ನು ಮಡುವೇ ಹೇಳುತ್ತದೆ. ಮುಗಿಸುವಾಗ ಕರೆಂಟನ್ನು ತಟ್ಟನೆ ಕಡಿದರೆ ಮಡು ಕುಗ್ಗಿ ಕೊನೆಯಲ್ಲಿ ಗುಂಡಿ ಬೀಳುತ್ತದೆ, ಅಲ್ಲಿಂದಲೇ ಬಿರುಕು ಹುಟ್ಟುತ್ತದೆ. ಆದ್ದರಿಂದ ಕರೆಂಟನ್ನು ಮೆಲ್ಲಗೆ ಇಳಿಸುತ್ತ ಕೊನೆಯ ಹನಿ ಸೇರಿಸಿ, ಆರ್ಕ್ ಆರಿದ ಮೇಲೂ ಅನಿಲ ಹರಿಯುವಷ್ಟು ಹೊತ್ತು ಟಾರ್ಚನ್ನು ಅಲ್ಲೇ ಹಿಡಿದಿರಬೇಕು.

ಸ್ಟೇನ್‌ಲೆಸ್ ಸ್ಟೀಲ್‌ನ ಬೆಸುಗೆಯ ಮೇಲೆ ಮೂಡುವ ಹೊನ್ನು, ನೇರಳೆ, ನೀಲಿ ಬಣ್ಣಗಳಿಗೆ ಮನಸೋಲದವರು ಕಡಿಮೆ. ನನಗೂ ಅವು ಇಷ್ಟ. ಆದರೆ ಆ ಬಣ್ಣಗಳು ಯಾವುದರ ಗುರುತು ಎಂದು ತಿಳಿದ ಮೇಲೆ ಅವುಗಳನ್ನು ನೋಡುವ ರೀತಿ ಬದಲಾಗುತ್ತದೆ. ಬಿಸಿ ಲೋಹಕ್ಕೆ ಆಮ್ಲಜನಕ ತಾಗಿ ಹುಟ್ಟುವ ಅತಿ ತೆಳುವಾದ ಆಕ್ಸೈಡ್ ಪದರದಲ್ಲಿ ಬೆಳಕು ಎರಡು ಮೇಲ್ಮೈಗಳಿಂದ ಮರಳಿ ಬಂದು ಬೆರೆಯುವುದರಿಂದ ಅವು ಕಾಣುತ್ತವೆ. ಪದರ ದಪ್ಪವಾದಂತೆ ಬಣ್ಣ ತಿಳಿಹಳದಿಯಿಂದ ಹೊನ್ನಿಗೆ, ನೀಲಿಗೆ, ಕೊನೆಗೆ ಬೂದಿಗೆ ತಿರುಗುತ್ತದೆ. ಆ ಪದರಕ್ಕೆ ಕ್ರೋಮಿಯಂ ಖರ್ಚಾಗಿರುವುದರಿಂದ ಅದರ ಕೆಳಗಿನ ಲೋಹದ ತುಕ್ಕು ತಡೆಯುವ ಶಕ್ತಿ ಅಷ್ಟರಮಟ್ಟಿಗೆ ಕುಂದಿರುತ್ತದೆ. ಔಷಧ, ಆಹಾರಗಳ ಕೊಳವೆಗಳನ್ನು ಬೆಸೆಯುವವರು ತಿಳಿಹಳದಿಯನ್ನು ಮೀರಿದ ಬಣ್ಣವನ್ನು ಒಪ್ಪಲು ಹಿಂಜರಿಯುವುದು ಇದಕ್ಕಾಗಿಯೇ. ಹಿಂಬದಿಯಲ್ಲಿ ಆರ್ಗಾನ್ ತುಂಬದೆ ಆಳಕ್ಕೆ ಬೆಸೆದ ಸ್ಟೇನ್‌ಲೆಸ್ ಸ್ಟೀಲ್‌ನ ಕೆಳಮೈ ಕಪ್ಪಾಗಿ, ಹರಳು ಹರಳಾಗಿ, ಪುಡಿಪುಡಿಯಾಗಿರುತ್ತದೆ. ಮೇಲಿನ ಅಲೆಗಳು ಎಷ್ಟೇ ಸಮವಾಗಿದ್ದರೂ ಅಂಥ ಬೆಸುಗೆ ಅರ್ಧ ಕೆಟ್ಟದ್ದೇ. ಈ ಲೋಹ ಕಾವನ್ನು ಸಾಮಾನ್ಯ ಉಕ್ಕಿನ ಮೂರನೆಯ ಒಂದು ಭಾಗದಷ್ಟು ಮಾತ್ರ ಸಾಗಿಸುತ್ತದೆ, ಹಿಗ್ಗುವುದು ಮಾತ್ರ ಅದಕ್ಕಿಂತ ಒಂದೂವರೆ ಪಟ್ಟು. ಹಾಗಾಗಿ ಕಾವು ಒಂದೇ ಕಡೆ ನಿಂತು ತಗಡು ಸೊಟ್ಟಗಾಗುತ್ತದೆ. ಕರೆಂಟ್ ಕಡಿಮೆ ಮಾಡಿ ಬಹಳ ಹೊತ್ತು ಅಲ್ಲೇ ಸುಳಿದಾಡುವುದಕ್ಕಿಂತ ಸಾಕಷ್ಟು ಕರೆಂಟ್ ಕೊಟ್ಟು ಬೇಗ ಸರಿಯುವುದೇ ಇದಕ್ಕೆ ಮದ್ದು.

ಅಲ್ಯೂಮಿನಿಯಂ ಪೂರ್ತಿ ಬೇರೆ ಪಾಠ. ಅದು 660 ಡಿಗ್ರಿಯಲ್ಲಿ ಕರಗುತ್ತದೆ, ಆದರೆ ಅದರ ಮೇಲಿನ ಆಕ್ಸೈಡ್ ಪದರ ಕರಗಲು 2,000 ಡಿಗ್ರಿಗೂ ಹೆಚ್ಚು ಬಿಸಿ ಬೇಕು. ಕರಗಿದ ಲೋಹ ತನ್ನದೇ ಚೀಲದೊಳಗೆ ಸಿಕ್ಕಿಕೊಂಡಿರುತ್ತದೆ. ಅದಕ್ಕೇ ಇಲ್ಲಿ ದಿಕ್ಕು ಬದಲಾಯಿಸುತ್ತಲೇ ಇರುವ ಎಸಿ ಕರೆಂಟ್ ಬಳಸುತ್ತಾರೆ. ಕಡ್ಡಿ ಪಾಸಿಟಿವ್ ಆಗುವ ಅರ್ಧ ಆವರ್ತದಲ್ಲಿ ಆಕ್ಸೈಡ್ ಪದರ ಒಡೆದು ಚೆದರುತ್ತದೆ, ನೆಗೆಟಿವ್ ಆಗುವ ಅರ್ಧದಲ್ಲಿ ಕಾವು ಲೋಹದ ಆಳಕ್ಕೆ ಇಳಿಯುತ್ತದೆ. ಮಡುವಿನ ಮೇಲ್ಮೈ ಮಂಕಿನಿಂದ ಕನ್ನಡಿಯಂತಾಗುವ ಕ್ಷಣ, ಅದರ ಸುತ್ತ ಮೂಡುವ ಬಿಳಿಯ ಅಂಚು, ಇವು ನೋಡಲು ಬಹಳ ಚೆಂದ. ಬಿಸಿಯಾದ ಅಲ್ಯೂಮಿನಿಯಂ ಉಕ್ಕಿನಂತೆ ಕೆಂಪಾಗಿ ಎಚ್ಚರಿಸುವುದಿಲ್ಲ. ಆರಂಭದಲ್ಲಿ ಕಾವನ್ನೆಲ್ಲ ನುಂಗಿಕೊಂಡು ಸತಾಯಿಸುವ ತುಂಡು ಕೊನೆಗೆ ಬರುವಷ್ಟರಲ್ಲಿ ಇಡಿಯಾಗಿ ಕಾದು ಇದ್ದಕ್ಕಿದ್ದಂತೆ ಕುಸಿಯುತ್ತದೆ. ಆದ್ದರಿಂದ ಪೆಡಲನ್ನು ಮೊದಲು ಒತ್ತಿದಷ್ಟನ್ನು ಆಮೇಲೆ ಕ್ರಮೇಣ ಬಿಡುತ್ತ ಬರಬೇಕು. ಉಕ್ಕಿನ ಮೇಲೆ ಮಡುವನ್ನು ಓದಲು ಬಾರದೆ ಅಲ್ಯೂಮಿನಿಯಂಗೆ ಕೈ ಹಾಕುವುದು ಆತುರವೆಂದೇ ನನ್ನ ಭಾವನೆ.

ಹೊರನೋಟವನ್ನು ನಂಬಲಾಗದು ಎಂಬುದಕ್ಕೆ ಪರೀಕ್ಷೆಯೊಂದೇ ಉತ್ತರ. ಒಂದು ತಗಡಿನ ಮೇಲೆ ಇನ್ನೊಂದನ್ನು ನೆಟ್ಟಗೆ ನಿಲ್ಲಿಸಿ ಒಂದೇ ಬದಿಯಿಂದ ಬೆಸೆದು, ವೈಸ್‌ನಲ್ಲಿ ಹಿಡಿದು, ನಿಂತ ತಗಡನ್ನು ಬೆಸುಗೆಯ ಮೇಲೆಯೇ ಮಡಚುತ್ತೇನೆ. ಮೂಲೆಯ ಬೇರಿನವರೆಗೆ ಲೋಹ ಕರಗಿದ್ದರೆ ತಗಡು ಬಾಗುತ್ತದೆ, ಬೆಸುಗೆ ಉಳಿಯುತ್ತದೆ. ಇಲ್ಲವಾದರೆ ಬೆಸುಗೆ ಸಿಪ್ಪೆಯಂತೆ ಎದ್ದು, ಕೆಳಗೆ ಕರಗದೆ ಉಳಿದ ಮೂಲ ಅಂಚು ನೇರ ಗೆರೆಯಾಗಿ ಕಾಣುತ್ತದೆ. ಇನ್ನು ಕೆಲವನ್ನು ಅಡ್ಡಲಾಗಿ ಕತ್ತರಿಸಿ ಅರದಿಂದ ಉಜ್ಜಿ ನೋಡುತ್ತೇನೆ. ಚೆನ್ನಾಗಿ ಬಂದಿದೆ ಎನಿಸಿದ ತುಂಡನ್ನೇ ಕತ್ತರಿಸಿ ನೋಡುವುದು ಮುಖ್ಯ, ಏಕೆಂದರೆ ಕೆಟ್ಟದ್ದೆಂದು ಕಣ್ಣಿಗೇ ತಿಳಿಯುವ ತುಂಡು ಹೊಸದೇನನ್ನೂ ಕಲಿಸುವುದಿಲ್ಲ.

ದೇಹದ ರಕ್ಷಣೆಯನ್ನು ಇಲ್ಲಿ ಹೇಳದೆ ಬಿಡಲಾರೆ. ಟಿಗ್‌ನಲ್ಲಿ ಕಿಡಿ ಹಾರುವುದಿಲ್ಲ, ಹೊಗೆಯೂ ಕಡಿಮೆ. ಈ ಸೌಮ್ಯ ನೋಟದಿಂದಾಗಿಯೇ ಜನ ಅರ್ಧ ತೋಳಿನ ಅಂಗಿ ತೊಟ್ಟು ಕೂರುತ್ತಾರೆ. ಆರ್ಕ್‌ನ ನೇರಳಾತೀತ ಕಿರಣ ಚರ್ಮವನ್ನು ಸುಡುತ್ತದೆ. ಹೊಳೆಯುವ ಸ್ಟೇನ್‌ಲೆಸ್ ಸ್ಟೀಲ್ ಮತ್ತು ಅಲ್ಯೂಮಿನಿಯಂನಿಂದ ಪ್ರತಿಫಲಿಸಿ ಹೆಲ್ಮೆಟ್ಟಿನ ಕೆಳಗಿನಿಂದಲೂ ಕುತ್ತಿಗೆಗೆ ತಗಲುತ್ತದೆ. ಕಣ್ಣಿಗಾದ ಗಾಯ ಕೆಲವು ಗಂಟೆಗಳ ನಂತರವೇ, ಮರಳು ಸುರಿದಂಥ ಉರಿಯಾಗಿ ತಿಳಿಯುತ್ತದೆ. ಗಾಳಿಗಿಂತ ಸುಮಾರು 1.4 ಪಟ್ಟು ಭಾರವಾದ ಆರ್ಗಾನ್ ತಗ್ಗಿನಲ್ಲಿ, ಮುಚ್ಚಿದ ಜಾಗದಲ್ಲಿ ಸದ್ದಿಲ್ಲದೆ ತುಂಬಿಕೊಂಡು ಉಸಿರಾಡುವ ಗಾಳಿಯನ್ನು ಹೊರದೂಡಬಲ್ಲದು. ವಾಸನೆಯಿಲ್ಲದ್ದರಿಂದ ಅದು ಇರುವುದು ಗೊತ್ತಾಗುವುದೂ ಇಲ್ಲ. ಸ್ಟೇನ್‌ಲೆಸ್ ಸ್ಟೀಲ್‌ನ ಹೊಗೆಯಲ್ಲಿ ಕ್ಯಾನ್ಸರ್ ತರಬಲ್ಲ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುತ್ತದೆ. ಆರ್ಗಾನಿನ ಹೊದಿಕೆಯನ್ನು ಕೆಡಿಸದಂತೆ, ಆದರೆ ಮುಖದ ಬಳಿಯ ಹೊಗೆಯನ್ನು ಎಳೆದೊಯ್ಯುವಂತೆ ಗಾಳಿಯ ಹರಿವನ್ನು ಏರ್ಪಡಿಸುವುದು ಸಾಧ್ಯ, ಅದಕ್ಕಾಗಿ ಸಮಯ ಕೊಡಲೇಬೇಕು.

ಒತ್ತಡ ತಡೆಯಬೇಕಾದ ಪಾತ್ರೆ, ವಾಹನದ ಸ್ಟೀರಿಂಗ್ ಮತ್ತು ಬ್ರೇಕಿನ ಭಾಗ, ಮನುಷ್ಯರ ಭಾರ ಹೊರುವ ಏಣಿ ಇವುಗಳನ್ನು ನಾನು ಬೆಸೆಯುವುದಿಲ್ಲ; ಅವು ಪರೀಕ್ಷೆ ಕೊಟ್ಟು ಅರ್ಹತೆ ಪಡೆದವರ ಕೆಲಸ. ಚೌಕಟ್ಟುಗಳು, ಉಪಕರಣಗಳ ಪೆಟ್ಟಿಗೆಗಳು, ಗೋಡೆಗೆ ಹಾಕುವ ಬ್ರಾಕೆಟ್‌ಗಳು ನನಗೆ ಸಾಕಷ್ಟಿವೆ. ಈಗ ಹಿಡಿದಿರುವ ಅಭ್ಯಾಸ ತೆಳ್ಳನೆಯ ಕೊಳವೆಯನ್ನು ದಪ್ಪ ತಟ್ಟೆಗೆ ಕೂಡಿಸುವುದು. ಆರ್ಕ್ ಹೆಚ್ಚು ಹೊತ್ತು ತಟ್ಟೆಯ ಮೇಲೆಯೇ ಇರಬೇಕು, ಮಡು ಅಲ್ಲಿ ಹುಟ್ಟಿ ಕೊಳವೆಯ ಅಂಚಿಗೆ ತಾನಾಗಿ ತಾಗಬೇಕು, ಅದೇ ಹೊತ್ತಿಗೆ ಕೊಳವೆಯ ದುಂಡಗಿನ ಮೈಯನ್ನು ಅನುಸರಿಸುತ್ತ ಟಾರ್ಚಿನ ವಾಲಿಕೆ ಪ್ರತಿ ಕ್ಷಣವೂ ಬದಲಾಗಬೇಕು. ಕಾಲು ಸುತ್ತು ಮುಗಿದೊಡನೆ ನಿಲ್ಲಿಸಿ, ಕೊಳವೆಯನ್ನು ತಿರುಗಿಸಿ, ಕೈಯನ್ನು ಮತ್ತೆ ಊರಿಕೊಂಡು, ಹಿಂದಿನ ಬೆಸುಗೆಯ ಕೊನೆ ಮತ್ತೆ ಕರಗಿತೇ ಎಂದು ನೋಡಿಕೊಂಡು ಮುಂದುವರಿಯುತ್ತೇನೆ.